ಸೇವಂತಿಗೆಯ ತಾಯಿಗಿಡ: ಸವರುವಿಕೆ, ಪಾಲನೆ ಮತ್ತು ವೆಚ್ಚದ ಲೆಕ್ಕ

ಸೇವಂತಿಗೆ ಸಸಿ ಮಾರುವ ನರ್ಸರಿಯಲ್ಲಿ ತಾಯಿಗಿಡಕ್ಕೆ ಕಾರ್ಖಾನೆಯ ಯಂತ್ರದ ಸ್ಥಾನವಿದೆ. ಅದು ಮಾರಾಟದ ಸರಕಲ್ಲ. ಅದರ ಕುಡಿಗಳಿಗೆ ಬೇರು ಬರಿಸಿ ಮಾರಲಾಗುತ್ತದೆ. ಯಂತ್ರಕ್ಕೆ ತಪ್ಪದೆ ಸವಕಳಿ ಬರೆಯುವ ಉದ್ದಿಮೆದಾರರೂ ತಾಯಿಗಿಡವನ್ನು ಮಾತ್ರ ಬಡವಾಗುವವರೆಗೆ ದುಡಿಸುವುದುಂಟು.

ಸೇವಂತಿಗೆಯು ಹಗಲು ಕಿರಿದಾದಾಗ ಹೂ ಬಿಡುವ ಸಸ್ಯ. ಪಾಲಿಹೌಸ್‌ನಲ್ಲಿ ಬೆಳೆಯುವ ಹೆಚ್ಚಿನ ತಳಿಗಳು ಮೊಗ್ಗು ಕಟ್ಟದೆ ಕುಡಿಯನ್ನೇ ಬೆಳೆಸಬೇಕಾದರೆ ಸುಮಾರು ಹದಿನಾಲ್ಕೂವರೆ ಗಂಟೆಗಳ ಹಗಲು ಬೇಕು. ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲೂ 13 ಗಂಟೆಗಳನ್ನು ಮುಟ್ಟುವುದಿಲ್ಲ. ಆದ್ದರಿಂದ ವರ್ಷವಿಡೀ ನಡುರಾತ್ರಿ ಮೂರು-ನಾಲ್ಕು ಗಂಟೆ ದೀಪ ಉರಿಸಿ ಕತ್ತಲನ್ನು ಇಬ್ಭಾಗ ಮಾಡಬೇಕಾಗುತ್ತದೆ. ಸತತವಾಗಿ ಕೆಲವು ರಾತ್ರಿ ವಿದ್ಯುತ್ ಕೈಕೊಟ್ಟರೆ ಕುಡಿಯಲ್ಲಿ ಮೊಗ್ಗು ಮೂಡುತ್ತದೆ. ಅಂತಹ ಕುಡಿ ಸಸಿಗೆ ಬಾರದು. ಜನರೇಟರಿನ ಡೀಸೆಲ್ ಇಲ್ಲಿ ಆಡಂಬರದ ಖರ್ಚಲ್ಲ.

ನೆಟ್ಟು ಎರಡು ವಾರಗಳಾದ ಗಿಡದ ತುದಿಯನ್ನು ಚಿವುಟಿದರೆ ಪಕ್ಕದ ಚಿಗುರುಗಳು ಹೊರಡುತ್ತವೆ. ಅವು ಬಲಿತಾಗ 5ರಿಂದ 7 ಸೆಂ.ಮೀ. ಉದ್ದದ ಕುಡಿಯನ್ನು ತೆಗೆಯಬೇಕು; ಬುಡದಲ್ಲಿ ಎರಡು ಎಲೆಗಳನ್ನಾದರೂ ಉಳಿಸಬೇಕು, ಮುಂದಿನ ಚಿಗುರು ಬರುವುದು ಆ ಎಲೆಗಳ ಕಂಕುಳಿನಿಂದಲೇ. ಆರ್ಡರಿನ ಆತುರದಲ್ಲಿ ಬುಡದವರೆಗೆ ಸವರಿದರೆ ಮುಂದಿನ ಕೊಯ್ಲು ಕುಗ್ಗುತ್ತದೆ. ಕುಡಿಯನ್ನು ಚಾಕುವಿಗಿಂತ ಕೈಯಿಂದ ಮುರಿಯುವುದು ಲೇಸು. ಗಿಡವನ್ನು ಗಿಡ್ಡವಾಗಿಸುವ ವೈರಾಯ್ಡ್ ರೋಗವು ರಸದ ಮೂಲಕ ಚಾಕುವಿನಿಂದಲೂ ಕೈಯಿಂದಲೂ ಹರಡುವುದರಿಂದ, ಪ್ರತಿ ಸಾಲಿಗೊಮ್ಮೆ ಕೈ ತೊಳೆಯುವುದು ಸಹ ಅವಶ್ಯ. ಇದಕ್ಕೆ ಯಾವ ಸಿಂಪರಣೆಯೂ ಇಲ್ಲ. ರೋಗಗ್ರಸ್ತ ತಾಯಿಗಿಡವೊಂದು ತನ್ನ ರೋಗವನ್ನು ಗಿರಾಕಿಯ ತೋಟಕ್ಕೇ ಮಾರುತ್ತದೆ.

ನಾಲ್ಕೈದು ತಿಂಗಳ ನಂತರ ಕಾಂಡ ಗಡುಸಾಗಿ, ದೀಪವಿದ್ದರೂ ಅಕಾಲ ಮೊಗ್ಗು ಕಾಣಿಸತೊಡಗುತ್ತದೆ. ಆಗ ಗಿಡ ಬದಲಿಸಬೇಕೇ ಎಂಬುದು ಲೆಕ್ಕದ ಪ್ರಶ್ನೆ. ಉದಾಹರಣೆಗಾಗಿ, ಒಂದು ತಾಯಿಗಿಡಕ್ಕೆ 12 ರೂ. ತಗುಲಿ, ಅದು 20 ಕುಡಿ ಕೊಡುವುದೆಂದು ಭಾವಿಸೋಣ: ಕುಡಿಯೊಂದಕ್ಕೆ 60 ಪೈಸೆ. ಅದೇ ಗಿಡದಿಂದ ಇನ್ನೂ 10 ಕುಡಿ ತೆಗೆದರೆ ಹೊಸ ಗಿಡದ ಬಾಬ್ತು 6 ರೂ. ಉಳಿಯಿತೆಂದು ತೋರುತ್ತದೆ. ಆದರೆ ಆ ಹತ್ತರಲ್ಲಿ ಮೂರು ಸಸಿಗಳು ಮೊಗ್ಗಿನ ಕಾರಣ ತಿರಸ್ಕೃತವಾದರೆ, ಸಸಿಗೆ 2.50 ರೂ.ನಂತೆ 7.50 ರೂ. ಹೋಯಿತು. ಬೇರು ಬರಿಸಿದ ಕೂಲಿ, ಕೆಟ್ಟ ಹೆಸರು ಇದರಲ್ಲಿ ಸೇರಿಲ್ಲ. ಸಾಲುವಾರು ನೆಟ್ಟ ದಿನಾಂಕ, ತೆಗೆದ ಕುಡಿ, ತಿರಸ್ಕೃತ ಸಸಿ ಈ ಮೂರನ್ನು ಬರೆದಿಡದ ನರ್ಸರಿಗೆ ಈ ನಷ್ಟ ಕಾಣುವುದೇ ಇಲ್ಲ.

ಇನ್ನೊಂದು ಅಂಶ. ಸಸಿಗಳ ಮಾರಾಟಕ್ಕೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ದೀಪ, ಪ್ಲಾಸ್ಟಿಕ್ ಹಾಳೆ ಮುಂತಾದವುಗಳ ಮೇಲೆ ತೆತ್ತ ತೆರಿಗೆಗೆ ಇನ್‌ಪುಟ್ ತೆರಿಗೆ ಜಮೆ ದೊರೆಯದು. ಅದನ್ನು ವೆಚ್ಚಕ್ಕೇ ಸೇರಿಸಿ ಬೆಲೆ ಕಟ್ಟಬೇಕು. ಅಲ್ಲದೆ 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಡಿ ನೋಂದಾಯಿತ ತಳಿಯಾಗಿದ್ದರೆ, ಕೊಂಡ ಗಿಡವನ್ನೇ ತಾಯಿಗಿಡ ಮಾಡಿ ಸಸಿ ಮಾರುವ ಮುನ್ನ ಹಕ್ಕುದಾರರ ಲಿಖಿತ ಅನುಮತಿ ಪಡೆದಿರುವುದು ಕ್ಷೇಮ.