ಬೆಟ್ಟದಡಿಯ ಹಿಟ್ಟು, ಪಟ್ಟಣದ ಕೋಣೆ

1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ನಿಂತು ಗುಂಡ್ಲುಪೇಟೆಯ ಕಡೆಗೆ ದೃಷ್ಟಿ ಹಾಯಿಸಿದರೆ, ಮಂಜು ಸರಿದ ಹೊತ್ತಿನಲ್ಲಿ ರಾಗಿ, ಹುರುಳಿ, ಈರುಳ್ಳಿ, ಟೊಮ್ಯಾಟೊ, ಚೆಂಡುಹೂವಿನ ಹೊಲಗಳು ಕಣ್ಣಿಗೆ ಬೀಳುತ್ತವೆ. ಇಲ್ಲಿನ ತರಕಾರಿ ಲಾರಿ ಹತ್ತಿ ಕೇರಳಕ್ಕೆ ಹೋಗುತ್ತದೆ. ಇಲ್ಲಿನ ಮಕ್ಕಳು ಬಸ್ಸು ಹತ್ತಿ ಮೈಸೂರಿನ ಕಾಲೇಜುಗಳಿಗೆ ಹೋಗುತ್ತಾರೆ. ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆತವರು ಪುಣ್ಯವಂತರು. ಉಳಿದವರು ಮೂವರೋ ನಾಲ್ವರೋ ಸೇರಿ ಒಂದು ಕೋಣೆ ಹಿಡಿಯುತ್ತಾರೆ. ಬೆಳಗಿನ ಉಪಾಹಾರವಿಲ್ಲ, ಮಧ್ಯಾಹ್ನ ಬೇಕರಿಯ ಒಂದು ಪಫ್ಸು ಮತ್ತು ಚಹಾ, ರಾತ್ರಿ ಗಾಡಿಯಂಗಡಿಯ ಫ್ರೈಡ್‌ರೈಸ್. ತಿಂಗಳ ಕಡೆಯ ವಾರದಲ್ಲಿ ಅದೂ ಇಲ್ಲ. ಅನ್ನ ಬೆಳೆಯುವವರ ಮಕ್ಕಳು ಪಾಠದ ಹೊತ್ತಿನಲ್ಲಿ ಹಸಿದು ಕುಳಿತಿರುವುದನ್ನು ನಾವು ಹಗುರವಾಗಿ ಕಾಣಲಾಗದು.

ಹಸಿವು ನಮ್ಮ ನಾಡಿನ ವಿದ್ಯಾರ್ಥಿಗಳಿಗೆ ಹೊಸದಲ್ಲ. ಹಿಂದೆ ಬಡ ಬ್ರಾಹ್ಮಣ ಹುಡುಗರು ವಾರದ ಏಳು ದಿನ ಏಳು ಮನೆಗಳಲ್ಲಿ ವಾರಾನ್ನ ಉಂಡು ಓದಿದರು. ಆ ಬಾಗಿಲುಗಳು ತೆರೆಯದವರಿಗಾಗಿ ಬೇರೆ ಬೇರೆ ಸಮುದಾಯಗಳು ಹಾಸ್ಟೆಲುಗಳನ್ನು ಕಟ್ಟಿದವು. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ಊಟ, ವಸತಿಯ ನಿಲಯವನ್ನು ಆರಂಭಿಸಿದರು. 2013-14ರಲ್ಲಿ ಬಂದ ವಿದ್ಯಾಸಿರಿ ಯೋಜನೆಯು ಹಾಸ್ಟೆಲು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳ ನೆರವನ್ನು ಗೊತ್ತುಮಾಡಿತು. ಲೆಕ್ಕ ಹಾಕಿದರೆ ದಿನಕ್ಕೆ 50 ರೂಪಾಯಿ, ಅದರಲ್ಲೇ ಬಾಡಿಗೆಯೂ ಸೇರಬೇಕು! ಕೊರತೆಯಲ್ಲಿರುವವನಿಗೆ ತತ್ತ್ವಚಿಂತನೆಗಿಂತ ಸಂಪಾದನೆಯೇ ಮೇಲೆಂದು ಅರಿಸ್ಟಾಟಲನಂಥವನೇ ಒಪ್ಪಿಕೊಂಡಿದ್ದಾನೆ. ಹಸಿದ ಹುಡುಗನಿಗೆ ನಾವು ಉಪದೇಶ ಮಾಡುವ ಮೊದಲು ಅವನ ಒಲೆಯನ್ನು ನೋಡಬೇಕು.

ಒಂದು ವಿದ್ಯುತ್ ಒಲೆ, ಒಂದು ಸಣ್ಣ ಕುಕ್ಕರು, ಒಂದು ಪಾತ್ರೆ ಇದ್ದರೆ ಈ ಸೀಮೆಯ ಉಪ್ಪುಸಾರು ಸಾಧ್ಯ. ಇದಕ್ಕಿಂತ ಅಗ್ಗವೂ ಸುಲಭವೂ ಆದ ಅಡುಗೆಯನ್ನು ನಾವಂತೂ ಕಾಣೆವು. ರಾತ್ರಿ ಒಂದು ಹಿಡಿ ಹುರುಳಿಯನ್ನು ನೆನೆಹಾಕಬೇಕು. ಬೆಳಿಗ್ಗೆ ಧಾರಾಳ ನೀರು, ಉಪ್ಪು ಸೇರಿಸಿ ಕುಕ್ಕರಿನಲ್ಲಿ ಬೇಯಿಸಿ ಕಟ್ಟನ್ನು ಬಸಿದುಕೊಳ್ಳಬೇಕು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳುಮೆಣಸು, ಹುಣಸೆ, ಉಪ್ಪು ಅರೆದರೆ ಖಾರ ಸಿದ್ಧ. ತಟ್ಟೆಯಲ್ಲಿ ಕಟ್ಟು ಬಡಿಸಿಕೊಂಡು ಖಾರವನ್ನು ಬೇಕಾದಷ್ಟು ಕದಡಿಕೊಳ್ಳುವುದು. ಎಣ್ಣೆಯ ಹನಿಯೂ ಬೇಡ. ಬಸಿದುಳಿದ ಕಾಳಿಗೆ ಈರುಳ್ಳಿಯ ಒಗ್ಗರಣೆ ಕೊಟ್ಟರೆ ಪಲ್ಯವಾಯಿತು. ಹುರುಳಿ ಇಲ್ಲದ ದಿನ ತೊಗರಿಬೇಳೆ ಮತ್ತು ಯಾವುದಾದರೂ ಸೊಪ್ಪು, ಕ್ರಮ ಅದೇ. ಮನೆಯಲ್ಲೇ ನೀರು ತಗುಲಿಸದೆ ಕುಟ್ಟಿದ ಖಾರದ ಪುಡಿಯನ್ನು ತಾಯಿಯು ಡಬ್ಬಿಯಲ್ಲಿ ತುಂಬಿ ಕೊಟ್ಟರೆ ಅರೆಯುವ ಶ್ರಮವೂ ಉಳಿಯಿತು.

ಜೊತೆಗೆ ಹಿಟ್ಟು. ಈ ಸೀಮೆಯಲ್ಲಿ ಹಿಟ್ಟೆಂದರೆ ರಾಗಿಮುದ್ದೆಯೇ. ಎರಡು ಲೋಟ ನೀರು ಕುದಿಯುವಾಗ ಒಂದು ಲೋಟ ರಾಗಿಹಿಟ್ಟನ್ನು ಮಧ್ಯದಲ್ಲಿ ಸುರಿದು, ಕಲಕದೆ ಸಣ್ಣ ಉರಿಯಲ್ಲಿ ಕೆಲವು ನಿಮಿಷ ಬೇಯಲು ಬಿಟ್ಟು, ಆಮೇಲೆ ಗಂಟಿಲ್ಲದಂತೆ ತಿರುವಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು. ಬೆಳ್ಳನೆಯ ಅಕ್ಕಿ ಇವೆರಡಕ್ಕೂ ಸಮನಲ್ಲ. ಹುರುಳಿಯನ್ನು ದನದ ಮೇವೆಂದು, ರಾಗಿಯನ್ನು ಬಡವರ ಕೂಳೆಂದು ನಮ್ಮ ಮಕ್ಕಳ ಕಿವಿಯಲ್ಲಿ ಊದಿದವರು ಯಾರೋ! ಅದೇ ರಾಗಿ ಇಂದು ಬಣ್ಣದ ಪೊಟ್ಟಣದಲ್ಲಿ ಬಿಸ್ಕತ್ತಾಗಿ ಬಂದರೆ ಅವರೇ ದುಡ್ಡು ಕೊಟ್ಟು ಕೊಳ್ಳುತ್ತಾರೆ.

ಪರೀಕ್ಷೆಯ ದಿನಗಳಲ್ಲಿ ಒಲೆ ಹಚ್ಚಲೂ ಬಿಡುವಿರದು. ಆಗ ತೆಳು ಅವಲಕ್ಕಿಗೆ ಮೊಸರು, ಉಪ್ಪು, ಹೆಚ್ಚಿದ ಈರುಳ್ಳಿ ಬೆರೆಸಿದರೆ ಸಾಕು. ಮೊಳಕೆ ಕಟ್ಟಿದ ಹೆಸರುಕಾಳು, ಒಂದು ಬಾಳೆಹಣ್ಣು ಇದ್ದರೆ ಇನ್ನೂ ಮೇಲು. ಇಂದಿರಾ ಕ್ಯಾಂಟೀನು ಹತ್ತಿರವಿದ್ದರೆ ಅಲ್ಲಿ ಉಣ್ಣಲು ಸಂಕೋಚಪಡಬೇಕಾಗಿಲ್ಲ; 2017ರಲ್ಲಿ ಆರಂಭವಾದಾಗ ಅಲ್ಲಿ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಗೊತ್ತುಮಾಡಿದ್ದರು.

ತಂದೆತಾಯಂದಿರಲ್ಲಿ ಒಂದು ಮಾತು. ಹೆಣ್ಣುಮಕ್ಕಳಿಗೆ ಕಲಿಸುವ ಅಡುಗೆಯನ್ನು ಗಂಡುಮಕ್ಕಳಿಗೂ ಊರು ಬಿಡುವ ಮುನ್ನ ಬೇಸಿಗೆಯ ರಜೆಯಲ್ಲೇ ಕಲಿಸಿರಿ. ಕೋಣೆಯಲ್ಲಿ ಸರದಿಯ ಮೇಲೆ ಬೇಯಿಸಿದರೆ ಒಬ್ಬೊಬ್ಬನಿಗೆ ವಾರದಲ್ಲಿ ಎರಡು ದಿನವಷ್ಟೇ ಕೆಲಸ. ತಿಂಗಳಿಗೊಮ್ಮೆ ಊರಿಗೆ ಬಂದವನ ಚೀಲದಲ್ಲಿ ಐದು ಸೇರು ರಾಗಿಹಿಟ್ಟು, ಎರಡು ಸೇರು ಹುರುಳಿ, ಖಾರದ ಡಬ್ಬಿ ಇರಲಿ. ಹಿಟ್ಟಿನ ದೊಣ್ಣೆಯನ್ನು ಬಸ್ಸಿನಲ್ಲಿ ಒಯ್ಯಲು ನಾಚುವವನಿಗೆ ಗಟ್ಟಿಯಾದ ಮರದ ಸೌಟೂ ಆದೀತು.