ಫೋಟೋ ತೆಗೆಯುವುದು, ಚಿತ್ರ ಕಾಣುವುದು

2018ರ ಫೆಬ್ರುವರಿಯಲ್ಲಿ ನಾವು ಬೋರಾಮಣಿಯಿಂದ ಮನೆಮಂದಿಯೆಲ್ಲ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋಗಿದ್ದೆವು. ಮರಳಿ ಬಂದು ನೋಡಿದರೆ ಮೊಬೈಲುಗಳಲ್ಲಿ ನಾಲ್ಕು ನೂರು ಫೋಟೋ! ಎಲ್ಲದರಲ್ಲೂ ನಾವು ಸಾಲಾಗಿ ನಿಂತಿದ್ದೇವೆ. ಹಿಂದೆ ಸ್ವಾಮಿಯ ಪಾದ ಮಾತ್ರ. ನಡುಹಗಲಿನ ಬಿಸಿಲು ಬೆನ್ನಿಗಿದ್ದುದರಿಂದ ಎಲ್ಲರ ಮುಖವೂ ಕಪ್ಪು.

ಮರುವರ್ಷ ಅವ್ವ ತೀರಿಕೊಂಡಳು. ಗೋಡೆಗೆ ಹಾಕಲು ಒಂದು ಒಳ್ಳೆಯ ಫೋಟೋ ಬೇಕಾಯಿತು. ನಾಲ್ಕು ನೂರರಲ್ಲಿ ಸಿಕ್ಕಿದ್ದು ಒಂದೇ. ಅದೂ ಅಣ್ಣನ ಮಗಳು ತೆಗೆದದ್ದು. ಮುಂಜಾನೆ ಬೆಟ್ಟದ ಮೆಟ್ಟಿಲ ಮೇಲೆ ದಣಿವಾರಿಸಿಕೊಳ್ಳುತ್ತ ಕೂತ ಅವ್ವ, ಕೈಯಲ್ಲಿ ಜಪಮಾಲೆ, ಕೆನ್ನೆಯ ಮೇಲೆ ಎಳೆಬಿಸಿಲು. “ಅಜ್ಜಿ ಮಾಲಿ ಎಣಿಸಿ ಮುಗಿಸೋತನಕ ಕಾದು ನಿಂತಿದ್ದೆ ಕಾಕಾ, ಅವರಿಗೆ ಗೊತ್ತೇ ಇರಲಿಲ್ಲ” ಎಂದಳು ಹುಡುಗಿ.

ವ್ಯತ್ಯಾಸವಿರುವುದು ಈ ಕಾಯುವುದರಲ್ಲೇ. ವ್ಯಾಪಾರಿಗಳಾದ ನಮಗೆ ತಿಳಿಯುವಂತೆ ಹೇಳುವುದಾದರೆ, ದಿನನಿತ್ಯದ ಫೋಟೋ ಎಂದರೆ ಕಿರ್ದಿ. ಬಂದವರು, ಹೋದವರು ಎಲ್ಲರೂ ಅದರಲ್ಲಿ ದಾಖಲು. ಕಲೆಯ ಫೋಟೋ ಎಂದರೆ ಖಾತೆ. ಬೇಡದ್ದನ್ನು ಬಿಟ್ಟು ಒಬ್ಬರ ಲೆಕ್ಕವನ್ನೇ ಎತ್ತಿ ತೋರಿಸುತ್ತದೆ. ಅಂಗಡಿಗೆ ಎರಡೂ ಬೇಕು, ಮನೆಗೂ ಎರಡೂ ಬೇಕು.

ಕಲಾವಿದನಿಗೆ ಮೊದಲ ಪಾಠ ಬೆಳಕು. 981ರಲ್ಲಿ ಚಾವುಂಡರಾಯನು ಮಾಡಿಸಿದ, ಸುಮಾರು 58 ಅಡಿ ಎತ್ತರದ ಗೊಮ್ಮಟೇಶ್ವರ ಉತ್ತರಾಭಿಮುಖಿ. ಫೆಬ್ರುವರಿಯ ನಡುಹಗಲಲ್ಲಿ ಸೂರ್ಯ ಸ್ವಾಮಿಯ ಬೆನ್ನ ಕಡೆಗಿರುತ್ತಾನೆ, ಮುಖ ನೆರಳಿಗೆ ಬೀಳುತ್ತದೆ. ಬೆಳಿಗ್ಗೆಯಾದರೆ ಬೆಳಕು ಬಲಗಡೆಯಿಂದ ಓರೆಯಾಗಿ ಬಂದು ಕಲ್ಲಿನ ತಿರುವುಗಳನ್ನೆಲ್ಲ ಎತ್ತಿ ತೋರಿಸುತ್ತದೆ. ಕ್ಯಾಮೆರಾದ ಬೆಲೆ ಎಷ್ಟೇ ಇರಲಿ, ಹೊತ್ತು ತಪ್ಪಿದರೆ ಚಿತ್ರವೂ ತಪ್ಪಿತು.

ಎರಡನೆಯ ಪಾಠ ಮನುಷ್ಯರ ಮೇಲಿನ ಪ್ರೀತಿ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಸಾಮಾನ್ಯ ಜನರನ್ನು, ಮಕ್ಕಳನ್ನು ಅವರ ಪಾಡಿಗೆ ಬಿಟ್ಟು ಚಿತ್ರ ತೆಗೆದವರು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. “ಇತ್ತ ನೋಡಿ, ನಗಿ” ಎನ್ನುವುದಕ್ಕಿಂತ ಸುಮ್ಮನೆ ಕಾಯುವುದು ಎಷ್ಟು ದೊಡ್ಡ ವಿದ್ಯೆ!

ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳಬೇಕೆಂದು ನಾವು ಕೇಳುತ್ತಲೇ ಬಂದಿದ್ದೇವೆ. ಫೋಟೋಗಳ ರಾಶಿಯೂ ಪರಿಗ್ರಹವೇ ಅಲ್ಲವೇ? ಯಾತ್ರೆಯಿಂದ ಬಂದ ವಾರದಲ್ಲೇ ಮನೆಯವರೆಲ್ಲ ಕೂತು ಹತ್ತು ಫೋಟೋ ಆರಿಸಿ ಮುದ್ರಿಸಿ. ಹಿಂದೆ ಹೆಸರು, ಊರು, ಇಸವಿ ಬರೆದಿಡಿ. ಮತ್ತು ಹಿರಿಯರು ಇರುವಾಗಲೇ ಒಂದು ಮುಂಜಾನೆ ಅವರ ಎದುರು ಸುಮ್ಮನೆ ಕೂತು ಕಾಯಿರಿ.