ಬಾಲಂಗೋಚಿಗೊಂದು ಬೇರೆ ಪುಟ ಬೇಕೆ?

ಬೆಟಗೇರಿಯ ನಮ್ಮ ಓಣಿಯಲ್ಲಿ ಸಂಜೆಯಾದರೆ ಎರಡು ಬಗೆಯ ಸಪ್ಪಳ ಕೇಳುತ್ತದೆ. ಒಂದು, ಇನ್ನೂ ಉಳಿದಿರುವ ಕೆಲವು ಮಗ್ಗಗಳದು. ಇನ್ನೊಂದು, ಪಕ್ಕದ ಮನೆಯ ಹುಡುಗನ ಕಂಪ್ಯೂಟರಿನಿಂದ ಬರುವ ಕತ್ತಿ-ಗುರಾಣಿಗಳದು. ಹುಡುಗ ಪಿಯುಸಿ ಓದುತ್ತಿದ್ದಾನೆ. ಮೊನ್ನೆ ಅವನ ತಂದೆ ನನ್ನನ್ನು ಕರೆದು ದೂರಿಕೊಂಡರು: "ನೋಡ್ರಿ, ಪರೀಕ್ಷಾ ಹತ್ರ ಬಂದೈತಿ. ಇಷ್ಟ ದಿನ ಆಟ ಆಡತಿದ್ದ. ಈಗ ಆಟದ ಬಗ್ಗೆ ಬರಕೋಂತ ಕುಂತಾನ!"

ಹುಡುಗ ಬರೆಯುತ್ತಿದ್ದುದು ಕನ್ನಡ ವಿಕಿಪೀಡಿಯಕ್ಕೆ. ಅವನಿಗೆ ತಂದೆಯ ಸಿಟ್ಟಿಗಿಂತ ದೊಡ್ಡದಾದ ಒಂದು ತೊಡಕು ಎದುರಾಗಿತ್ತು. "ಕಾಕಾ, ನೀವ ಹೇಳ್ರಿ. ಮೂಲ ಆಟಕ್ಕ ಒಂದು ಪುಟ ಬರದೇನಿ. ಆಮ್ಯಾಲ ಅದಕ್ಕ ಒಂದು ವಿಸ್ತರಣಾ ಬಂತು. ಅದಕ್ಕ ಬ್ಯಾರೆ ಪುಟ ಮಾಡ್ಲ್ಯೋ, ಇದರಾಗ ಸೇರಸ್ಲ್ಯೋ?"

ಮೊದಲು ನಗು ಬಂತು. ಆಮೇಲೆ ಯೋಚಿಸಿದರೆ, ಇದು ಬರೀ ಆಟದ ಪ್ರಶ್ನೆಯಲ್ಲ ಎನಿಸಿತು. ಯಾವುದಕ್ಕೆ ಸ್ವಂತ ಹೆಸರಿನ ಪುಟ ಸಲ್ಲಬೇಕು, ಯಾವುದು ಇನ್ನೊಂದರ ಪುಟದಲ್ಲೇ ಇರಬೇಕು ಎಂಬ ಈ ಪ್ರಶ್ನೆಯನ್ನು ನಮ್ಮ ಗದಗ ಸೀಮೆ ನೂರಾರು ವರ್ಷಗಳಿಂದ ಎದುರಿಸುತ್ತ ಬಂದಿದೆ!

ವಿಸ್ತರಣೆ ಎಂದರೇನು?

ಈ ಆಟಗಳ ಪರಿಚಯವಿಲ್ಲದ ಪಾಲಕರಿಗಾಗಿ ಒಂದೆರಡು ಮಾತು. ಒಂದು ವಿಡಿಯೊ ಗೇಮ್ ಮಾರುಕಟ್ಟೆಗೆ ಬಂದು ಜನಪ್ರಿಯವಾದ ಮೇಲೆ, ತಯಾರಕರು ಅದಕ್ಕೆ ಹೊಸ ಪ್ರದೇಶ, ಹೊಸ ಕಥೆ, ಹೊಸ ಪಾತ್ರಗಳನ್ನು ಸೇರಿಸಿ ಬೇರೆಯಾಗಿ ಮಾರುತ್ತಾರೆ. ಇದೇ ವಿಸ್ತರಣೆ. ಸಾಮಾನ್ಯವಾಗಿ ಮೂಲ ಆಟ ಇದ್ದರೆ ಮಾತ್ರ ಇದನ್ನು ಆಡಬಹುದು. ಗಾಳಿಪಟಕ್ಕೆ ಕಟ್ಟುವ ಬಾಲಂಗೋಚಿಯಂತೆ. ಪಟವಿಲ್ಲದೆ ಅದೊಂದೇ ಹಾರದು.

ಪಕ್ಕದ ಮನೆಯ ಹುಡುಗ ಆಡುವ 'ಏಜ್ ಆಫ್ ಎಂಪೈರ್ಸ್ 2' ಬಂದದ್ದು 1999ರಲ್ಲಿ. ಮರುವರ್ಷವೇ ಅದಕ್ಕೆ 'ದಿ ಕಾಂಕರರ್ಸ್' ಎಂಬ ವಿಸ್ತರಣೆ ಬಂತು. ಆಟದ ಹೊಸ ಆವೃತ್ತಿಗೆ 2022ರಲ್ಲಿ 'ಡೈನಾಸ್ಟೀಸ್ ಆಫ್ ಇಂಡಿಯಾ' ಎಂಬುದು ಸೇರಿತು. ಅಲ್ಲಿಯವರೆಗೆ ಆಟದಲ್ಲಿ 'ಭಾರತೀಯರು' ಎಂಬ ಒಂದೇ ಗುಂಪಿತ್ತು. ಈ ವಿಸ್ತರಣೆ ಅದನ್ನು ಒಡೆದು ಹಿಂದೂಸ್ತಾನಿ, ಬಂಗಾಳಿ, ಗುರ್ಜರ, ದ್ರಾವಿಡ ಎಂದು ನಾಲ್ಕು ಮಾಡಿತು. ನೋಡಿ, ಆಟದೊಳಗೇ 'ಒಂದೋ, ಬೇರೆ ಬೇರೆಯೋ' ಎಂಬ ಪ್ರಶ್ನೆ!

ಇನ್ನು ಕೆಲವು ವಿಸ್ತರಣೆಗಳು ಮೂಲ ಆಟಕ್ಕೇ ಸಮನಾಗಿ ನಿಂತಿವೆ. ಪೋಲೆಂಡಿನ ಕಂಪನಿಯೊಂದು 2015ರಲ್ಲಿ ತಂದ 'ದಿ ವಿಚರ್ 3' ಆಟಕ್ಕೆ 2016ರಲ್ಲಿ 'ಬ್ಲಡ್ ಆ್ಯಂಡ್ ವೈನ್' ಎಂಬ ವಿಸ್ತರಣೆ ಬಂತು. ಆ ವರ್ಷದ 'ದಿ ಗೇಮ್ ಅವಾರ್ಡ್ಸ್' ಸಮಾರಂಭದಲ್ಲಿ ಪಾತ್ರಾಭಿನಯದ ಆಟಗಳ ವಿಭಾಗದ ಪ್ರಶಸ್ತಿ ಹೊಸ ಆಟಗಳನ್ನು ಹಿಂದಿಕ್ಕಿ ಈ ವಿಸ್ತರಣೆಗೇ ಸಂದಿತು. 2024ರಲ್ಲಿ 'ಎಲ್ಡನ್ ರಿಂಗ್' ಆಟದ ವಿಸ್ತರಣೆಯೊಂದು ವರ್ಷದ ಅತ್ಯುತ್ತಮ ಆಟದ ಅಂತಿಮ ಪಟ್ಟಿಯಲ್ಲೇ ಕಾಣಿಸಿಕೊಂಡಾಗ, ವಿಸ್ತರಣೆಯನ್ನು ಸ್ವತಂತ್ರ ಆಟವೆಂದು ಎಣಿಸಬಹುದೇ ಎಂದು ಜಗತ್ತಿನಾದ್ಯಂತ ಆಟಗಾರರು ವಾದಕ್ಕಿಳಿದರು. ಪ್ರಶಸ್ತಿ ಕೊನೆಗೆ ಬೇರೊಂದು ಆಟಕ್ಕೆ ಹೋಯಿತು. ವಾದ ಮಾತ್ರ ಮುಗಿಯಲಿಲ್ಲ.

ಗದುಗಿನ ಹಳೆಯ ವಿಸ್ತರಣೆ

ಈಗ ವೀರನಾರಾಯಣ ಗುಡಿಯ ಕಡೆಗೆ ಬನ್ನಿ. ಕೋಳಿವಾಡದ ನಾರಣಪ್ಪ ಅಲ್ಲಿ ಕುಳಿತು ಭಾಮಿನಿ ಷಟ್ಪದಿಯಲ್ಲಿ ಭಾರತವನ್ನು ಹಾಡಿ ಕುಮಾರವ್ಯಾಸನಾದ. ಅವನು ಬರೆದದ್ದು ಮೊದಲ 10 ಪರ್ವಗಳನ್ನು. ಗದಾಪರ್ವಕ್ಕೆ ಕಾವ್ಯ ನಿಂತಿತು. ಮುಂದಿನ ಕಥೆಯನ್ನು ವಿಜಯನಗರದ ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣ ಕವಿ ಅದೇ ಭಾಮಿನಿಯಲ್ಲಿ ಬರೆದು ಮುಗಿಸಿದ. ದೊರೆಯ ಹೆಸರಿನಲ್ಲಿ ಅದು 'ಕೃಷ್ಣರಾಯ ಭಾರತ' ಎನಿಸಿಕೊಂಡಿತು.

ಇಂದಿನ ಮಾತಿನಲ್ಲಿ ಹೇಳುವುದಾದರೆ ಇದೊಂದು ವಿಸ್ತರಣೆ. ಅದೇ ಛಂದಸ್ಸು, ಅದೇ ಪಾತ್ರಗಳು. ಕಥೆ ಮಾತ್ರ ಮುಂದುವರಿದಿದೆ. ಹಾಗಾದರೆ ತಿಮ್ಮಣ್ಣನ ಕೃತಿಯನ್ನು ಗದುಗಿನ ಭಾರತದ ಪುಟದ ಕೊನೆಯಲ್ಲಿ ಒಂದು ಸಾಲಿಗೆ ಮುಗಿಸಬಹುದೇ? ಮುಗಿಸಿದರೆ ತಪ್ಪಾಗುತ್ತದೆ. ಕವಿ ಬೇರೆ, ಕಾಲ ಬೇರೆ, ಆಶ್ರಯದಾತ ಬೇರೆ, ಹೆಸರೂ ಬೇರೆ. ಸಾಹಿತ್ಯ ಚರಿತ್ರೆ ಬರೆದವರು ಅದನ್ನು ಪ್ರತ್ಯೇಕವಾಗಿ ಚರ್ಚಿಸಿದ್ದಾರೆ. ಆದರೆ ಕುಮಾರವ್ಯಾಸನ ಪ್ರಸ್ತಾಪವಿಲ್ಲದೆ ಆ ಪುಟವನ್ನು ಬರೆಯಲೂ ಬಾರದು.

ಇದಕ್ಕಿಂತ ಸೊಗಸಾದ ಉದಾಹರಣೆ ನೆರೆಯ ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿದೆ. ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಮಹಾಪುರಾಣವನ್ನು ಆರಂಭಿಸಿದರು. ಅದರ ಮೊದಲ ಭಾಗವಾದ ಆದಿಪುರಾಣದ 42 ಪರ್ವಗಳನ್ನು ಮುಗಿಸಿ, 43ನೆಯದನ್ನು ಆರಂಭಿಸುತ್ತಿದ್ದಂತೆ ತೀರಿಕೊಂಡರು. ಶಿಷ್ಯ ಗುಣಭದ್ರರು 47ನೆಯ ಪರ್ವದವರೆಗೆ ಬರೆದು ಗುರುವಿನ ಗ್ರಂಥವನ್ನು ಪೂರೈಸಿದರು. ಬಳಿಕ ಉಳಿದ 23 ತೀರ್ಥಂಕರರ ಕಥೆಯನ್ನು 'ಉತ್ತರಪುರಾಣ' ಎಂದು ಬರೆದರು. 898ರಲ್ಲಿ ಬಂಕಾಪುರದಲ್ಲಿ ಆ ಗ್ರಂಥಕ್ಕೆ ಪೂಜೆ ನಡೆಯಿತು.

ಗಮನಿಸಿ: ಬರೆದವರು ಒಬ್ಬರೇ, ಆದರೆ ಸೇರ್ಪಡೆ ಎರಡು ಬಗೆಯದು. ಆದಿಪುರಾಣದ ಕೊನೆಯ ಪರ್ವಗಳಿಗೆ ಯಾರೂ ಬೇರೆ ಹೆಸರಿಟ್ಟಿಲ್ಲ. ಅವು ತಾಯಿಗ್ರಂಥದ ಒಡಲಲ್ಲೇ ಕರಗಿವೆ. ಉತ್ತರಪುರಾಣ ಮಾತ್ರ ತನ್ನ ಹೆಸರಿನಿಂದಲೇ ಉಳಿದಿದೆ. ಅರೆಬರೆಯಾದುದನ್ನು ತುಂಬಿಕೊಡುವ ಸೇರ್ಪಡೆಗೆ ತಾಯಿಪುಟ ಸಾಕು. ತನ್ನದೇ ಕಥೆ ಹೇಳುವ ಸೇರ್ಪಡೆಗೆ ಬೇರೆ ಪುಟ ಬೇಕು. ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಜೋಡಿ ಊರು, ಒಡೆದ ತಾಲ್ಲೂಕು

ಉಳಿದರ್ಧ ಉತ್ತರಕ್ಕೆ ನಮ್ಮ ಊರುಗಳನ್ನೇ ನೋಡೋಣ. ಗದಗ-ಬೆಟಗೇರಿ ಅವಳಿ ನಗರ. ನಗರಸಭೆ ಒಂದೇ. 2011ರ ಜನಗಣತಿಯೂ ಎರಡನ್ನೂ ಕೂಡಿಸಿ 1.72 ಲಕ್ಷ ಜನ ಎಂದು ಎಣಿಸಿತು. ಹಾಗಿದ್ದರೆ ವಿಶ್ವಕೋಶದಲ್ಲಿ ಬೆಟಗೇರಿಗೆ ಬೇರೆ ಪುಟ ಯಾಕೆ?

ನೇಕಾರಿಕೆ, ವೀರಗಲ್ಲುಗಳು, ಬಾಸೆಲ್ ಮಿಷನ್ನಿನ ಹಳೆಯ ನೆಲೆ: ಇವು ಗದಗಿನ ಕಥೆಯಲ್ಲ, ಬೆಟಗೇರಿಯವು. ಗದಗಿನ ಪುಟದಲ್ಲಿ ಕುಮಾರವ್ಯಾಸ, ತ್ರಿಕೂಟೇಶ್ವರ, ವೀರೇಶ್ವರ ಪುಣ್ಯಾಶ್ರಮಗಳ ನಡುವೆ ಇವಕ್ಕೆ ಒಂದು ಮೂಲೆಯೂ ಸಿಗುವುದು ಕಷ್ಟ. ಇನ್ನೊಂದು ತೊಡಕೂ ಇದೆ. 'ಆನಂದಕಂದ' ಕಾವ್ಯನಾಮದ ಬೆಟಗೇರಿ ಕೃಷ್ಣಶರ್ಮರು ಈ ಬೆಟಗೇರಿಯವರೆಂದು ಎಷ್ಟೋ ವಿದ್ಯಾರ್ಥಿಗಳು ತಿಳಿದಿರುತ್ತಾರೆ. ಅವರದು ಬೆಳಗಾವಿ ಜಿಲ್ಲೆಯ ಬೆಟಗೇರಿ! ಇಂಥ ಗೊಂದಲ ಹರಿಯಬೇಕಾದರೆ ಎರಡೂ ಬೆಟಗೇರಿಗಳಿಗೆ ತಮ್ಮ ತಮ್ಮ ಪುಟ ಬೇಕು.

ಲಕ್ಷ್ಮೇಶ್ವರದ್ದು ಇನ್ನೊಂದು ಬಗೆ. ಬಹುಕಾಲ ಅದು ಶಿರಹಟ್ಟಿ ತಾಲ್ಲೂಕಿನಲ್ಲಿತ್ತು. ಈಗ ತಾನೇ ಒಂದು ತಾಲ್ಲೂಕು. ಆದರೆ ಸರ್ಕಾರ ತಾಲ್ಲೂಕು ಮಾಡಿದ್ದಕ್ಕೆ ಅದಕ್ಕೆ ಯೋಗ್ಯತೆ ಬಂತೆ? ಇಲ್ಲ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಇದೂ ಒಂದು, ಪುಲಿಗೆರೆ ಎಂಬ ಹೆಸರಿನಿಂದ. ಪಂಪ ತನ್ನ ಭಾರತದ ಕನ್ನಡ ಪುಲಿಗೆರೆಯದೆಂದು ಹೆಮ್ಮೆಪಟ್ಟ. ತಾಲ್ಲೂಕು ಕಚೇರಿ ಬರುವ ಸಾವಿರ ವರ್ಷ ಮೊದಲೇ ಊರಿಗೆ ತನ್ನ ಪುಟ ಇತ್ತು! ಶಿರಹಟ್ಟಿಯೂ ಹಾಗೆಯೇ. ಹಿಂದೂ-ಮುಸ್ಲಿಂ ಭಾವೈಕ್ಯಕ್ಕೆ ಹೆಸರಾದ ಅಲ್ಲಿಯ ಫಕೀರೇಶ್ವರ ಮಠದ ಕಥೆಗೆ ತಾಲ್ಲೂಕಿನ ಗಡಿ ಹಿಗ್ಗಿದರೂ ಕುಗ್ಗಿದರೂ ವ್ಯತ್ಯಾಸವಿಲ್ಲ. ಅಧಿಕೃತ ಮುದ್ರೆ ಬೇರೆ, ಹೇಳಲು ಕಥೆ ಇರುವುದು ಬೇರೆ.

ಗಾತ್ರವೂ ಅಳತೆಗೋಲಲ್ಲ. ಗದಗ ತಾಲ್ಲೂಕಿನ ಕಣಗಿನಹಾಳ ಚಿಕ್ಕ ಹಳ್ಳಿ. ಆದರೆ 1905ರಲ್ಲಿ ಅಲ್ಲಿ ಹುಟ್ಟಿದ ಸಹಕಾರ ಸಂಘ ದೇಶದ ಸಹಕಾರಿ ಚಳವಳಿಯ ಮೊದಲ ಪುಟದಲ್ಲಿದೆ. ಆಟಗಳಲ್ಲೂ ಹೀಗೇ. 2006ರಲ್ಲಿ 'ಆಬ್ಲಿವಿಯನ್' ಎಂಬ ಆಟಕ್ಕೆ ಕುದುರೆಯ ಕವಚವೊಂದನ್ನು ಸುಮಾರು ಎರಡೂವರೆ ಡಾಲರಿಗೆ ಮಾರಿದರು. ವಸ್ತು ಅಷ್ಟೇ, ಕಥೆಯಿಲ್ಲ, ಊರಿಲ್ಲ. ಆದರೂ ಇಷ್ಟಕ್ಕೆ ದುಡ್ಡೇ ಎಂದೆದ್ದ ಗಲಾಟೆಯನ್ನು ಆಟಗಳ ವ್ಯಾಪಾರದ ಬಗ್ಗೆ ಬರೆಯುವವರು ಇಂದಿಗೂ ನೆನೆಯುತ್ತಾರೆ.

ಮುಂಡರಗಿಯ ನಷ್ಟ

ಹಾಗೆಂದು ಎಲ್ಲವನ್ನೂ ಒಂದೇ ಪುಟಕ್ಕೆ ತುರುಕಿದರೆ ಏನಾಗುತ್ತದೆ? ಮುಂಡರಗಿ ಭೀಮರಾಯನನ್ನು ಕೇಳಿ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತ ಮಡಿದ ವೀರ. ಅದೇ ದಿನಗಳಲ್ಲಿ ನರಗುಂದದ ಬಾಬಾಸಾಹೇಬ ಬಂಡೆದ್ದ. ಶಾಲೆಯ ಪಾಠಗಳಲ್ಲಿ ನರಗುಂದದ ಬಂಡಾಯ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಭೀಮರಾಯ ಅದರ ಜೊತೆಗೊಂದು ವಾಕ್ಯವಾಗಿ ಬಂದು ಹೋಗುತ್ತಾನೆ. ಅವನೊಂದಿಗೆ ನಿಂತ ಹಮ್ಮಿಗೆಯ ಕೆಂಚನಗೌಡನಿಗೆ ಆ ಅರ್ಧ ವಾಕ್ಯವೂ ಸಿಗುವುದಿಲ್ಲ. ಮುಂಡರಗಿಯ ಹುಡುಗಿಯೊಬ್ಬಳು ಶಾಲೆಯ ಭಾಷಣಕ್ಕೆಂದು ತನ್ನೂರಿನ ವೀರನ ಬಗ್ಗೆ ಹುಡುಕಿದಾಗ ನರಗುಂದದ ಪುಟವಷ್ಟೇ ತೆರೆದುಕೊಂಡರೆ, ತನ್ನೂರು ಇನ್ನೊಂದು ಊರಿನ ಬಾಲಂಗೋಚಿ ಎಂದೇ ಅವಳು ತಿಳಿಯುತ್ತಾಳೆ. ತಪ್ಪಾದ ವಿಲೀನದಿಂದ ಆಗುವ ನಷ್ಟ ಇದು.

ಕನ್ನಡದ ಲೆಕ್ಕ

ಈ ವಿಷಯದಲ್ಲಿ ವಿಕಿಪೀಡಿಯದ ನಿಯಮ ಏನು? ಒಂದು ವಿಷಯಕ್ಕೆ ಸಂಬಂಧವಿಲ್ಲದ, ನಂಬಲರ್ಹ ಬರಹಗಾರರು ಅದರ ಬಗ್ಗೆ ವಿವರವಾಗಿ ಬರೆದಿರಬೇಕು. ತಯಾರಕರ ಜಾಹೀರಾತು ಲೆಕ್ಕಕ್ಕಿಲ್ಲ. ಅಷ್ಟಿದ್ದರೂ ಬೇರೆ ಪುಟ ಕಡ್ಡಾಯವಲ್ಲ. ದೊಡ್ಡ ಪುಟದೊಳಗೇ ಅದು ಚೆನ್ನಾಗಿ ಅರ್ಥವಾಗುವುದಾದರೆ ಅಲ್ಲೇ ಇರಿಸಬಹುದು. ಅಭಿಮಾನಿಗಳು ತಾವೇ ಕಟ್ಟಿಕೊಂಡ ಆಟದ ವಿಕಿಗಳ ಮಾತು ಬೇರೆ. ಅಲ್ಲಿ ಒಂದೊಂದು ಕತ್ತಿಗೂ ಪುಟವಿರುತ್ತದೆ. ಓದುವವರು ಆಟಗಾರರೇ ಆದ್ದರಿಂದ ಅದು ಸರಿಯೇ.

ಆದರೆ ಇಂಗ್ಲಿಷಿನ ಲೆಕ್ಕವನ್ನು ಹಾಗೇ ಕನ್ನಡಕ್ಕೆ ತರಲಾಗದು. ಅಲ್ಲಿ 'ದಿ ಕಾಂಕರರ್ಸ್', 'ಬ್ಲಡ್ ಆ್ಯಂಡ್ ವೈನ್' ಎರಡಕ್ಕೂ ಬೇರೆ ಪುಟಗಳಿವೆ. ತಿದ್ದುವ ಕೈಗಳೂ ಅಸಂಖ್ಯ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ನೋಡಿಕೊಳ್ಳುವವರು ಕೆಲವೇ ಮಂದಿ. ಎರಡು ಸಾಲು ಬರೆದು ಬಿಟ್ಟ ಪುಟಗಳನ್ನು ಅಲ್ಲಿ 'ಚುಟುಕು' ಎನ್ನುತ್ತಾರೆ. ಉತ್ಸಾಹದಲ್ಲಿ ಹತ್ತು ಚುಟುಕು ಹುಟ್ಟಿಸಿ ಮರೆತುಬಿಟ್ಟರೆ, ಹುಡುಕಿಕೊಂಡು ಬಂದ ಓದುಗನಿಗೆ ಹತ್ತು ಬಾಗಿಲು ಸಿಗುತ್ತವೆ. ಒಳಗೆ ಮಾತ್ರ ಏನೂ ಇರುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಬೇರೆ ಪುಟ ಎನ್ನುವುದು ಬಹುಮಾನವಲ್ಲ, ಹೊಣೆ. ಮೊದಲು ತಾಯಿಪುಟದಲ್ಲಿ ಒಂದು ಒಳ್ಳೆಯ ಭಾಗ ಬರೆಯಿರಿ. ಅದು ಬೆಳೆದು ಮನೆ ಇಕ್ಕಟ್ಟಾದಾಗ ಬೇರೆ ಮಾಡಿ. 1997ರಲ್ಲಿ ಧಾರವಾಡದಿಂದ ಗದಗ ಬೇರೆ ಜಿಲ್ಲೆಯಾದದ್ದು ಅಂಥದೇ ಅಲ್ಲವೇ?

ಬರೆಯುವ ಮುನ್ನ ಕೇಳಿಕೊಳ್ಳಿ

* ಈ ಸೇರ್ಪಡೆಗೆ ತನ್ನದೇ ಹೆಸರು, ಕರ್ತೃ, ಕಾಲ ಇದೆಯೇ?
* ತಯಾರಿಸಿದವರನ್ನು ಬಿಟ್ಟು ಬೇರೆಯವರು ಇದರ ಬಗ್ಗೆ ವಿವರವಾಗಿ ಬರೆದಿದ್ದಾರೆಯೇ?
* ತಾಯಿಪುಟದಲ್ಲಿಟ್ಟರೆ ಇದರ ಕಥೆ ಮುಚ್ಚಿಹೋಗುತ್ತದೆಯೇ?
* ಬೇರೆ ಮಾಡಿದರೆ, ತಾಯಿಪುಟದ್ದೇ ಮಾತು ಮತ್ತೆ ಬರೆಯದೆ ನಾಲ್ಕು ಪ್ಯಾರಾ ಬರೆಯಬಲ್ಲೆನೇ?
* ಆರು ತಿಂಗಳ ಮೇಲೆ ಈ ಪುಟವನ್ನು ತಿದ್ದಲು ನಾನು ಇರುತ್ತೇನೆಯೇ?

ಎಲ್ಲಕ್ಕೂ 'ಹೌದು' ಎಂದಾದರೆ ಧೈರ್ಯವಾಗಿ ಹೊಸ ಪುಟ ತೆರೆಯಿರಿ. ಇಲ್ಲವಾದರೆ ಒಂದು ಉಪಶೀರ್ಷಿಕೆ ಸಾಕು. ವಿಸ್ತರಣೆಯ ಹೆಸರಿನಲ್ಲಿ ಹುಡುಕಿದವರು ನೇರವಾಗಿ ತಾಯಿಪುಟಕ್ಕೆ ಬರುವಂತೆ ದಾರಿ ಮಾಡುವ ಅನುಕೂಲವೂ ವಿಕಿಪೀಡಿಯದಲ್ಲಿದೆ.

ಪಾಲಕರಿಗೂ ಒಂದು ಮಾತು. ಮಗ ಆಟದ ಬಗ್ಗೆ ಬರೆಯುತ್ತಿದ್ದಾನೆಂದು ಗದರುವ ಮುನ್ನ ಅವನು ಏನು ಮಾಡುತ್ತಿದ್ದಾನೆಂದು ಪಕ್ಕದಲ್ಲಿ ಕುಳಿತು ನೋಡಿ. ಆಧಾರ ಹುಡುಕುವುದು, ಜಾಹೀರಾತನ್ನೂ ವಿಮರ್ಶೆಯನ್ನೂ ಬೇರ್ಪಡಿಸುವುದು, ಮುಖ್ಯವಾದುದನ್ನು ಅಮುಖ್ಯವಾದುದರಿಂದ ಆರಿಸುವುದು ವಿದ್ಯೆಯೇ ಅಲ್ಲವೇ? ಪರೀಕ್ಷೆಯ ವೇಳಾಪಟ್ಟಿ ಮಾತ್ರ ಗೋಡೆಯ ಮೇಲಿರಲಿ.

ನಮ್ಮ ಪಕ್ಕದ ಮನೆಯ ಹುಡುಗ ಐದು ಪ್ರಶ್ನೆಗಳನ್ನೂ ಕೇಳಿಕೊಂಡ. ನಾಲ್ಕನೆಯದಕ್ಕೆ ತಡವರಿಸಿದ. ಕೊನೆಗೆ ವಿಸ್ತರಣೆಯನ್ನು ಮೂಲ ಆಟದ ಪುಟದಲ್ಲೇ ಸೇರಿಸಿ, "ಇದು ದೊಡ್ಡದಾದ್ರ ಆಮ್ಯಾಲ ಬ್ಯಾರೆ ಮಾಡೂಣಂತ" ಎಂದ. ಮರುಕ್ಷಣವೇ ಇನ್ನೊಂದು ಪ್ರಶ್ನೆ ಎಸೆದ: "ಕಾಕಾ, ನಮ್ಮ ಬೆಟಗೇರಿ ಮಗ್ಗದ ಬಗ್ಗೆ ಯಾರಾದ್ರೂ ಬರದಾರೇನ್ರಿ?"

ಅವನ ತಂದೆ ಮಗ್ಗ ನೇಯುವವರು. ಅವರು ಸುಮ್ಮನೆ ಎದ್ದು ಒಳಗೆ ಹೋಗಿ, ಹಳೆಯ ಸೀರೆಯೊಂದನ್ನು ತಂದು ಮಗನ ಮುಂದೆ ಬಿಚ್ಚಿದರು.